ಬೋರಿನ ಮೋಟಾರಿಗೆ ಕಂಪ್ಯೂಟರ್ ಹಲಗೆ



ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳಲ್ಲಿ ತೊಗರಿ, ಉದ್ದು, ಸೋಯಾ ಮಳೆಯನ್ನು ನಂಬಿದ ಬೆಳೆಗಳು. ಕಬ್ಬು, ತರಕಾರಿ ಹಚ್ಚಿದವರಿಗೆ ಬೋರೇ ಆಧಾರ. ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುವುದರಿಂದ ರಾತ್ರಿ ಎದ್ದು ಹೊಲಕ್ಕೆ ಹೋಗುವ ಕಷ್ಟ ತಮಗೆ ಹೊಸದಲ್ಲ. ಕಂಪ್ಯೂಟರ್ ಕಲಿತ ಮಗನೋ ಮಗಳೋ ರಾಸ್ಪ್‌ಬೆರಿ ಪೈ ಹಲಗೆಯಿಂದ ಮೋಟಾರು ನಡೆಸೋಣವೆಂದರೆ ಬೇಡವೆನ್ನಬೇಡಿರಿ. ಆದರೆ ಮೋಟಾರು ಸುಡದಂತೆ ಜೋಡಿಸುವುದು ಹೇಗೆಂದು ಮೊದಲು ತಿಳಿಯಬೇಕು.

2012ರಲ್ಲಿ ಇಂಗ್ಲೆಂಡಿನಿಂದ ಬಂದ ಈ ಅಂಗೈಯಗಲದ ಹಲಗೆ ಲಿನಕ್ಸ್‌ನಿಂದ ನಡೆಯುತ್ತದೆ. ಈಗಿನ ಹಲಗೆಗಳ ಅಂಚಿನಲ್ಲಿ 40 ಪಿನ್ನುಗಳಿವೆ. ಜಾವಾ ಬಲ್ಲವರು ಪೈಫೋರ್‌ಜೆ ಎಂಬ ಸಿದ್ಧ ಕೋಡಿನ ಮೂಲಕ ಬೇಕಾದ ಪಿನ್ನನ್ನು ಏರಿಸಿ ಇಳಿಸಬಹುದು. ಹಳೆಯ ಪಾಠ ನೋಡಿ ಬರೆಯಬಾರದು. ಆಗಿನ ಪೈಫೋರ್‌ಜೆಗೆ ಆಧಾರವಾಗಿದ್ದ ವೈರಿಂಗ್‌ಪೈಯನ್ನು ಅದರ ಕರ್ತೃ 2019ರಲ್ಲಿ ಕೈಬಿಟ್ಟರು. 2ನೆಯ ಅಥವಾ ನಂತರದ ಆವೃತ್ತಿ ಬಳಸಬೇಕು. ಜಾವಾ ನಡುನಡುವೆ ಕ್ಷಣ ನಿಂತು ತನ್ನ ಕಸ ತೆಗೆಯುತ್ತದೆಂಬ ಆಕ್ಷೇಪವುಂಟು. ಬೋರಿಗೆ ಅದರಿಂದ ಏನೂ ಬಾಧೆಯಿಲ್ಲ.

ಪಿನ್ನಿನಲ್ಲಿರುವುದು ಬರೀ 3.3 ವೋಲ್ಟ್. ಅದು ರಿಲೇ ಹಲಗೆಗೆ ಸಂಜ್ಞೆ ಕೊಡಬಲ್ಲದು, ಅಷ್ಟೇ. ಅಗ್ಗದ ರಿಲೇ ಮೇಲೆ 250 ವೋಲ್ಟ್ ಎಂದು ಬರೆದಿರುತ್ತದೆ. ಸ್ಟಾರ್ಟರಿನ ಕಾಯಿಲು 415 ವೋಲ್ಟಿನದಾದರೆ ನಡುವೆ ಅದಕ್ಕೆ ತಕ್ಕ ಇನ್ನೊಂದು ರಿಲೇ ಬೇಕೇ ಬೇಕು. ಈ ಕೆಲಸ ಲೈಸೆನ್ಸ್ ಇರುವ ವೈರ್‌ಮನ್‌ನದು. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನೂ, ನೀರು ಬತ್ತಿದಾಗ ಮೋಟಾರು ನಿಲ್ಲಿಸುವ ಸಾಧನವನ್ನೂ ತೆಗೆಯಕೂಡದು.

ನಿಜವಾದ ಅಪಾಯ ಪ್ರೋಗ್ರಾಮು ಸಿಕ್ಕಿಕೊಂಡಾಗ. ಮುಗಿಯುವಾಗ ಪಿನ್ನು ಇಳಿಸೆಂದು ಪೈಫೋರ್‌ಜೆಗೆ ಹೇಳಿಡಬಹುದು. ಆದರೆ ಸಿಕ್ಕಿಕೊಂಡ ಪ್ರೋಗ್ರಾಮು ಮುಗಿಯುವುದೇ ಇಲ್ಲ. ಪಿನ್ನು ಏರಿದಂತೆಯೇ ಉಳಿದು, ಬತ್ತಿದ ಬೋರಿನಲ್ಲೂ ಮೋಟಾರು ತಿರುಗುತ್ತಿರುತ್ತದೆ. ಇದಕ್ಕೆ ಹಲಗೆಯಲ್ಲೇ ವಾಚ್‌ಡಾಗ್ ಎಂಬ ಕಾವಲುಗಾರನಿದ್ದಾನೆ. ಗೊತ್ತುಪಡಿಸಿದ ಸೆಕೆಂಡುಗಳೊಳಗೆ ಸುದ್ದಿ ಬಾರದಿದ್ದರೆ ಹಲಗೆಯನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಆ ಸುದ್ದಿಯನ್ನು ಮೋಟಾರು ನಡೆಸುವ ಜಾವಾ ಪ್ರೋಗ್ರಾಮೇ ಕಳಿಸಬೇಕು. ಲಿನಕ್ಸ್ ಕಳಿಸಿದರೆ ಪ್ರಯೋಜನವಿಲ್ಲ, ಪ್ರೋಗ್ರಾಮು ನಿಂತರೂ ಲಿನಕ್ಸ್ ನಡೆಯುತ್ತಲೇ ಇರುತ್ತದೆ.

ಹಲಗೆ ಶುರುವಾಗುವಾಗ ಜಿಪಿಐಓ 0ರಿಂದ 8ರವರೆಗಿನವು ಏರಿದ ಕಡೆಗೂ, 9ರಿಂದ 27ರವರೆಗಿನವು ಇಳಿದ ಕಡೆಗೂ ವಾಲಿರುತ್ತವೆ. ಆದ್ದರಿಂದ ಪಿನ್ನು ಏರಿದಾಗ ಹತ್ತುವ ರಿಲೇಯನ್ನು ಕೊಂಡು, ಜಿಪಿಐಓ 17ಕ್ಕೆ ಜೋಡಿಸಿರಿ. ಅದು ಸಾಲಿನಲ್ಲಿ 11ನೆಯ ಪಿನ್ನು. 17 ಎಣಿಸಿ ತಂತಿ ಹಾಕಿದರೆ ಕೆಲಸ ಕೆಟ್ಟಿತು. ಕರೆಂಟು ಮರಳಿದ ಮೇಲೆ ಕೆಲವು ನಿಮಿಷ ಕಾದು ಮೋಟಾರು ಹಚ್ಚುವಂತೆ ಪ್ರೋಗ್ರಾಮು ಬರೆಸಿರಿ.

ಮೊದಲ ಒಂದು ವಾರ ಮೋಟಾರಿನ ಬದಲು ರಿಲೇಗೆ ಒಂದು ಬಲ್ಬು ಹಾಕಿ ನೋಡಿರಿ. ಬಲ್ಬು ಉರಿಯುವಾಗ ಪ್ರೋಗ್ರಾಮನ್ನು ಬೇಕೆಂದೇ ಕೊಲ್ಲಿರಿ, ಹಲಗೆಯ ಕರೆಂಟು ಕಿತ್ತು ಮತ್ತೆ ಕೊಡಿರಿ. ಪ್ರತಿ ಸಲವೂ ಬಲ್ಬು ಆರಿದರೆ ಮಾತ್ರ ವೈರ್‌ಮನ್‌ನನ್ನು ಕರೆಯಿರಿ.