‘ಅರಳುಮರುಳು’ ಅನ್ನುವ ಮೊದಲು ರಾತ್ರಿಯ ನಿದ್ದೆ ವಿಚಾರಿಸಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ ಎಲ್ಲ ಬದಿಗಿಟ್ಟು ಇವತ್ತು ನಿದ್ದೆಯ ಬಗ್ಗೆ ಮಾತಾಡೋಣ ಎಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. “ನಿದ್ದೆ ಮಾಡೋಕೆ ನಮಗೆಲ್ಲಿ ಪುರುಸೊತ್ತು ಸಿಸ್ಟರ್?” ಎಂದು ಒಬ್ಬರು ಕೇಳಿಯೂ ಬಿಟ್ಟರು. ಆ ಪ್ರಶ್ನೆಯೇ ಇವತ್ತಿನ ವಿಷಯ. ಮೊದಲು ನಮ್ಮ ಕಡೆಯಿಂದ ಆದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಸಂಘದಲ್ಲಿ ಅರವತ್ತು ದಾಟಿದ ತಾಯಿಯೊಬ್ಬರು ವಾರದ ಹಣ ಸಂಗ್ರಹಿಸುತ್ತಿದ್ದರು. ಹತ್ತು ವರ್ಷದಲ್ಲಿ ಒಂದು ರೂಪಾಯಿ ಆಚೀಚೆ ಆಗಿರಲಿಲ್ಲ. ಒಂದು ವಾರ ಸದಸ್ಯೆಯೊಬ್ಬರು, “ನಾನು ಐನೂರು ರೂಪಾಯಿ ಕೊಟ್ಟಿದ್ದೀನಿ” ಎಂದರು. ಈ ತಾಯಿ, “ಇಲ್ಲಮ್ಮ, ನೀನು ಕೊಟ್ಟೇ ಇಲ್ಲ” ಎಂದರು. ಪುಸ್ತಕದಲ್ಲೂ ಬರೆದಿರಲಿಲ್ಲ. ಗುಸುಗುಸು ಶುರುವಾಯಿತು. ನಾವೂ ಎಲ್ಲರ ಎದುರಿಗೇ ಸ್ವಲ್ಪ ಗಡುಸಾಗಿ ಕೇಳಿದೆವು. ಅವರು ತಲೆ ತಗ್ಗಿಸಿ ಕೂತರು. ಎರಡು ದಿನ ಬಿಟ್ಟು ಆ ಹಣ ಅವರ ಮನೆಯ ಅಕ್ಕಿ ಡಬ್ಬದೊಳಗೆ ಸಿಕ್ಕಿತು. ಅವರೇ ಓಡಿ ಬಂದು ಕೊಟ್ಟರು. “ಸಿಸ್ಟರ್, ನನಗೆ ಅರಳುಮರುಳು ಹಿಡೀತಾ?” ಎಂದು ಅತ್ತರು.

ಆಮೇಲೆ ನಾವು ಅವರ ಮನೆಗೆ ಹೋದೆವು. ಮೊದಲೇ ಹೋಗಬೇಕಿತ್ತು. ಅವರ ಯಜಮಾನರಿಗೆ ಪಾರ್ಶ್ವವಾಯು ಬಡಿದು ಎಂಟು ತಿಂಗಳಾಗಿತ್ತು. ರಾತ್ರಿ ನಾಲ್ಕೈದು ಸಲ ಏಳಬೇಕು, ಬಟ್ಟೆ ಬದಲಿಸಬೇಕು, ಮಗ್ಗುಲು ತಿರುಗಿಸಬೇಕು. ಎಂಟು ತಿಂಗಳಿಂದ ಆ ತಾಯಿ ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ. ನಾವು ಅವರ ಪ್ರಾಮಾಣಿಕತೆಯನ್ನು ಪ್ರಶ್ನಿಸಿದೆವು, ನಿದ್ದೆಯನ್ನು ವಿಚಾರಿಸಲಿಲ್ಲ.

ನಿದ್ದೆಗೂ ನೆನಪಿಗೂ ಏನು ಸಂಬಂಧ? ನಾವು ಮಲಗಿದಾಗ ಮಿದುಳು ಮಲಗುವುದಿಲ್ಲ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯರು ಮನುಷ್ಯನ ಮಿದುಳಿನ ಸಣ್ಣ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. 1929ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತು ಆಸ್ಪತ್ರೆಯಲ್ಲಿ ತಲೆಗೆ ವೈರು ಅಂಟಿಸಿ ಮಾಡುವ ಇಇಜಿ ಪರೀಕ್ಷೆ ಅದೇ. ಎಚ್ಚರ ಇರುವಾಗ ಈ ಅಲೆಗಳು ಸಣ್ಣವು, ವೇಗದವು. ಗಾಢ ನಿದ್ದೆಯಲ್ಲಿ ಅವು ದೊಡ್ಡದಾಗಿ, ನಿಧಾನವಾಗಿ, ಸುಮಾರು ಸೆಕೆಂಡಿಗೊಂದರಂತೆ ಬರುತ್ತವೆ. ಇವೇ ನಿಧಾನ ಅಲೆಗಳು. ನಡುನಡುವೆ ಇನ್ನೊಂದು ಚುರುಕಾದ ಅಲೆಯ ಗೊಂಚಲು ಬರುತ್ತದೆ. ಕಾಗದದ ಮೇಲೆ ಅದು ನಡುವೆ ಉಬ್ಬಿ ಎರಡೂ ತುದಿ ಚೂಪಾಗಿ, ನೂಲು ಸುತ್ತಿದ ಕದಿರಿನ ಹಾಗೆ ಕಾಣುತ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ ಅದರ ಹೆಸರು ‘ಸ್ಪಿಂಡಲ್’, ಅಂದರೆ ಕದಿರು.

ಈ ಅಲೆಗಳ ಕೆಲಸ ಏನು? ನಮ್ಮ ಸಂಘದ ಲೆಕ್ಕವನ್ನೇ ನೆನೆಸಿಕೊಳ್ಳಿ. ಸಭೆಯಲ್ಲಿ ಗಡಿಬಿಡಿಯಲ್ಲಿ ಕಚ್ಚಾ ಪುಸ್ತಕದಲ್ಲಿ ಬರೆಯುತ್ತೇವೆ. ಆಮೇಲೆ ಸಾವಧಾನವಾಗಿ ಲೆಡ್ಜರಿಗೆ ಏರಿಸುತ್ತೇವೆ. ಮಿದುಳಿನೊಳಗೆ ಹಿಪೊಕ್ಯಾಂಪಸ್ ಎಂಬ ಸಣ್ಣ ಭಾಗವಿದೆ. ಅದು ಕಚ್ಚಾ ಪುಸ್ತಕ. ಮಿದುಳಿನ ಹೊರಪದರ ಲೆಡ್ಜರು. ಹಗಲು ಕೇಳಿದ್ದು, ಕಲಿತದ್ದು ಮೊದಲು ಕಚ್ಚಾ ಪುಸ್ತಕಕ್ಕೆ ಹೋಗುತ್ತದೆ. ಗಾಢ ನಿದ್ದೆಯಲ್ಲಿ ನಿಧಾನ ಅಲೆ ಮತ್ತು ಕದಿರಿನ ಅಲೆ ಸೇರಿ ಅದನ್ನು ಲೆಡ್ಜರಿಗೆ ಏರಿಸಲು ನೆರವಾಗುತ್ತವೆ. ರಾತ್ರಿ ಮತ್ತೆ ಮತ್ತೆ ಎಚ್ಚರವಾದರೆ? ಬರೆಯುತ್ತಿರುವವಳ ಕೈಯಿಂದ ಪೆನ್ನು ಕಿತ್ತುಕೊಂಡ ಹಾಗೆ.

ವಯಸ್ಸಾದಂತೆ ಈ ನಿಧಾನ ಅಲೆಗಳು ತಗ್ಗುತ್ತವೆ. ನಡುವಯಸ್ಸಿನಲ್ಲೇ ಇಳಿಕೆ ಶುರುವಾಗುತ್ತದೆ. 2013ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು 18 ಯುವಜನರಿಗೂ 15 ಹಿರಿಯರಿಗೂ ಜೋಡಿ ಪದಗಳನ್ನು ಕಲಿಸಿ, ರಾತ್ರಿ ಮಲಗಿಸಿ, ಅಲೆಗಳನ್ನು ಅಳೆದು, ಬೆಳಿಗ್ಗೆ ಮತ್ತೆ ಕೇಳಿದರು. ಹಿರಿಯರ ಗಾಢ ನಿದ್ದೆಯ ಗುಣಮಟ್ಟ ಸರಾಸರಿ ಶೇ. 75ರಷ್ಟು ಕಡಿಮೆ ಇತ್ತು. ನೆನಪು ಶೇ. 55ರಷ್ಟು ಕಡಿಮೆ ಇತ್ತು. ಹಣೆಯ ಹಿಂದಿನ ಮಿದುಳಿನ ಭಾಗ ವಯಸ್ಸಿನಿಂದ ಸವೆದಷ್ಟೂ ಅಲೆಗಳು ಸಪ್ಪೆಯಾಗಿದ್ದವು.

ಅದೇ ವಿಶ್ವವಿದ್ಯಾಲಯದ ತಂಡ 2017ರ ಕೊನೆಗೆ ಇನ್ನೊಂದು ವಿಷಯ ಪ್ರಕಟಿಸಿತು. ಅಲೆಗಳು ಇದ್ದರೆ ಸಾಲದು, ಎರಡೂ ಹೊಂದಿಕೊಂಡು ಬರಬೇಕು. ಹಿಂದೆ ನಮ್ಮ ಅಜ್ಜಿಯರು ಇಬ್ಬರು ನಿಂತು ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದರಲ್ಲ, ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ಹದ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಯುವಜನರಲ್ಲಿ ಕದಿರಿನ ಅಲೆ ಸರಿಯಾದ ಹೊತ್ತಿಗೆ ಬರುತ್ತದೆ. ಹಿರಿಯರಲ್ಲಿ ಅದು ಹೊತ್ತು ತಪ್ಪುತ್ತದೆ. ಹೀಗೆ ತಪ್ಪಿದವರಲ್ಲಿ ಮರೆವೂ ಹೆಚ್ಚಿತ್ತು.

ಸಹೋದರಿಯರೇ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೂದಲು ನರೆತ ಹಾಗೆ ಇದೂ ಒಂದು ಬದಲಾವಣೆ. ಆದರೆ ವಯಸ್ಸು ಈಗಾಗಲೇ ತೆಳುವಾಗಿಸಿದ ನಿದ್ದೆಯನ್ನು ನಾವು ಇನ್ನಷ್ಟು ಹರಿದು ಹಾಕಬಾರದು. ಇಂಗ್ಲೆಂಡಿನಲ್ಲಿ ಸುಮಾರು ಎಂಟು ಸಾವಿರ ಸರ್ಕಾರಿ ನೌಕರರನ್ನು 25 ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಐವತ್ತು, ಅರವತ್ತು, ಎಪ್ಪತ್ತು ಈ ಮೂರೂ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಲ್ಲಿ ಮರೆವಿನ ಕಾಯಿಲೆ ಬರುವ ಸಂಭವ, ಏಳು ಗಂಟೆ ಮಲಗಿದವರಿಗಿಂತ ಶೇ. 30ರಷ್ಟು ಹೆಚ್ಚಿತ್ತು. ಕಡಿಮೆ ನಿದ್ದೆಯೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಎಚ್ಚರಿಕೆಗೆ ಇಷ್ಟು ಸಾಕು.

ನಾವು ಏನು ಮಾಡಬಹುದು?

1. ಮಲಗುವ, ಏಳುವ ಹೊತ್ತು ದಿನಾ ಒಂದೇ ಇರಲಿ. ಬೆಳಗಿನ ಬಿಸಿಲು ಮೈಗೆ ತಾಗಲಿ. ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗಬೇಡಿ. ಸಂಜೆಯ ಮೇಲೆ ಕಾಫಿ, ಟೀ ಬೇಡ.

2. ರಾತ್ರಿ ಟಿವಿ, ಮೊಬೈಲ್ ಬೇಗ ಆರಿಸಿ. ಅಜ್ಜಿ ಹಜಾರದಲ್ಲೇ ಮಲಗುವ ಮನೆಯಲ್ಲಿ, ಟಿವಿ ಆರುವ ತನಕ ಅವರಿಗೆ ನಿದ್ದೆ ಇಲ್ಲ. ಇದು ಎಷ್ಟು ಮನೆಯ ಕಥೆ, ನೀವೇ ಹೇಳಿ.

3. ಮೆಡಿಕಲ್ ಶಾಪಿನಿಂದ, ಪಕ್ಕದ ಮನೆಯವರಿಂದ ನಿದ್ದೆ ಮಾತ್ರೆ ತಂದು ನುಂಗಬೇಡಿ. ಅಲ್ಪ್ರಜೋಲಾಮ್, ಡಯಾಜೆಪಾಮ್ ಜಾತಿಯ ಮಾತ್ರೆ ಮಂಪರು ತರುತ್ತದೆ, ಆದರೆ ನಿಧಾನ ಅಲೆಗಳನ್ನು ತಗ್ಗಿಸುತ್ತದೆ. ವಯಸ್ಸಾದವರು ರಾತ್ರಿ ಎದ್ದಾಗ ಬೀಳುವ ಅಪಾಯವೂ ಇದೆ. ಈಗಾಗಲೇ ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಧಾನವಾಗಿ ಬಿಡಿ.

4. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವುದು, ಮುಟ್ಟು ನಿಲ್ಲುವ ಹೊತ್ತಿನಲ್ಲಿ ಮೈ ಬಿಸಿಯಾಗಿ ಬೆವರಿ ಎಚ್ಚರವಾಗುವುದು, ಮನಸ್ಸು ಕುಗ್ಗಿ ನಿದ್ದೆ ಬಾರದಿರುವುದು, ಇವಕ್ಕೆಲ್ಲ ಚಿಕಿತ್ಸೆ ಇದೆ. “ವಯಸ್ಸಾಯ್ತಲ್ಲ” ಎಂದು ಸುಮ್ಮನಿರಬೇಡಿ.

5. ಗೊತ್ತಿರುವ ದಾರಿ ತಪ್ಪುವುದು, ದಿನಾ ಮಾಡುವ ಸಾರು ಮಾಡಲು ತಿಳಿಯದಿರುವುದು, ಕೇಳಿದ್ದನ್ನೇ ಗಳಿಗೆಗೊಮ್ಮೆ ಕೇಳುವುದು ಕಂಡರೆ ಅದು ಬರೀ ನಿದ್ದೆಯ ಮಾತಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ. ಅವನ್ನು ಸರಿಪಡಿಸಬಹುದು.

ಇದೆಲ್ಲ ಹೇಳುವುದು ಸುಲಭ. ರೋಗಿಯ ಪಕ್ಕ ಮಲಗಿದವಳಿಗೆ “ಚೆನ್ನಾಗಿ ನಿದ್ದೆ ಮಾಡಮ್ಮ” ಅಂದರೆ ಆಗುತ್ತದಾ? ಅದಕ್ಕೆ ಮನೆಯವರು ಪಾಳಿ ಹಾಕಿಕೊಳ್ಳಬೇಕು. ಆ ತಾಯಿಯ ಮನೆಯಲ್ಲಿ ಮಗ, ಸೊಸೆಯೊಡನೆ ಕೂತು ಮಾತಾಡಿದೆವು. ಮಗ ಮೊದಲು, “ಅದು ಹೆಂಗಸರ ಕೆಲಸ” ಎಂದ. ಅವನ ಹೆಂಡತಿಯೇ, “ಅತ್ತೆ ಬಿದ್ದರೆ ಇಬ್ಬರನ್ನು ನೋಡಬೇಕಾಗುತ್ತೆ” ಎಂದಳು. ಕೊನೆಗೆ ವಾರದಲ್ಲಿ ಮೂರು ರಾತ್ರಿ ಮಗ, ಎರಡು ರಾತ್ರಿ ಸೊಸೆ ಎಂದು ಒಪ್ಪಿಗೆಯಾಯಿತು.

ಮುಂದಿನ ಸಭೆಯಲ್ಲಿ ನಾವು ಎಲ್ಲರ ಎದುರಿಗೇ ಆ ತಾಯಿಯ ಕ್ಷಮೆ ಕೇಳಿದೆವು. ಎಲ್ಲರ ಎದುರಿಗೆ ಅವಮಾನ ಮಾಡಿ ಒಳಗೆ ಕರೆದು ಕ್ಷಮೆ ಕೇಳುವುದು ನ್ಯಾಯವಲ್ಲ. ಸಂಘ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಹಣ ಕೈಗೆ ಬಂದ ಕೂಡಲೇ ಬರೆಯಬೇಕು, ಪಕ್ಕದಲ್ಲಿ ಇನ್ನೊಬ್ಬರು ಎಣಿಸಿ ಸಹಿ ಹಾಕಬೇಕು ಎಂದು ನಿರ್ಣಯ ಬರೆಯಲಾಯಿತು. ಈ ನಿಯಮ ಎಲ್ಲ ವಯಸ್ಸಿನವರಿಗೂ. ಅವರ ನೆನಪು ಇಪ್ಪತ್ತರ ಹುಡುಗಿಯದಾಗಲಿಲ್ಲ. ಆದರೆ ಲೆಕ್ಕ ಮತ್ತೆ ತಪ್ಪಲಿಲ್ಲ, ಮುಖದಲ್ಲಿ ಗೆಲುವು ಬಂತು.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಅತ್ತೆಯನ್ನೋ ತಾಯಿಯನ್ನೋ, “ರಾತ್ರಿ ಎಷ್ಟು ಸಲ ಎದ್ದಿರಿ?” ಎಂದು ಕೇಳಿ. ಆಮೇಲೆ ಅದೇ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಮುಂದಿನ ಸಭೆಗೆ ಬರುವಾಗ ಉತ್ತರ ತನ್ನಿ, ಅದನ್ನೂ ಸಂಘದ ವಿಷಯವಾಗಿ ಚರ್ಚಿಸೋಣ.