ಟ್ರಾಮ್ ಲಾಭದ ಹಣದಲ್ಲಿ ಬಡವರ ಮನೆ

ಜಾನ್ ವೀಟ್ಲಿ ಹುಟ್ಟಿದ್ದು 1869ರಲ್ಲಿ, ಐರ್ಲೆಂಡಿನಲ್ಲಿ. ಬೆಳೆದದ್ದು ಸ್ಕಾಟ್ಲೆಂಡಿನ ಗಣಿ ಕಾರ್ಮಿಕರ ಊರಿನ ಒಂದೇ ಕೋಣೆಯ ಮನೆಯಲ್ಲಿ. ಎಳೆಯ ಪ್ರಾಯದಲ್ಲೇ ಕಲ್ಲಿದ್ದಲು ಗಣಿಗೆ ಇಳಿದವರು. ಗ್ಲಾಸ್ಗೋ ನಗರಪಾಲಿಕೆ ಸದಸ್ಯರಾದ ಮೇಲೂ ಆ ಕೋಣೆಯನ್ನು ಅವರು ಮರೆಯಲಿಲ್ಲ.

ಗ್ಲಾಸ್ಗೋದ ಟ್ರಾಮ್ ಪಾಲಿಕೆಯ ಸ್ವತ್ತು, ಒಳ್ಳೆಯ ಲಾಭದಲ್ಲಿ ಓಡುತ್ತಿತ್ತು. ಆ ಹಣದಿಂದಲೇ ಕಾರ್ಮಿಕರಿಗೆ ಮನೆ ಕಟ್ಟೋಣ, ವರ್ಷಕ್ಕೆ ಎಂಟೇ ಪೌಂಡ್ ಬಾಡಿಗೆ ಸಾಕು ಎಂದು ವೀಟ್ಲಿ 1913ರಲ್ಲಿ ಲೆಕ್ಕ ಸಮೇತ ಮುಂದಿಟ್ಟರು. ಊರಿನ ದುಡ್ಡು ಊರಿನವರ ಸೂರಿಗೆ! ಎಷ್ಟು ಸರಳ, ಎಷ್ಟು ನ್ಯಾಯವಾದ ಮಾತು. ಆದರೂ ಆ ಮನೆಗಳು ಏಳಲಿಲ್ಲ.

1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಗ್ಲಾಸ್ಗೋದ ಮನೆ ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಮೊದಲಾದ ಗೃಹಿಣಿಯರು ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ಬಾಗಿಲಲ್ಲೇ ನಿಂತರು. ವೀಟ್ಲಿ ಈ ಗೃಹಿಣಿಯರ ಬೆಂಬಲಕ್ಕೆ ನಿಂತರು. ಸರ್ಕಾರ ಬಾಡಿಗೆಗೆ ಕಡಿವಾಣ ಹಾಕುವ ಕಾಯ್ದೆ ತರಲೇಬೇಕಾಯಿತು.

1924ರಲ್ಲಿ ವೀಟ್ಲಿ ಬ್ರಿಟನ್ನಿನ ಆರೋಗ್ಯ ಸಚಿವರಾದರು. ವಸತಿಯೂ ಅದೇ ಖಾತೆಗೆ ಸೇರಿತ್ತು. ಬಾಡಿಗೆ ಮನೆ ಕಟ್ಟುವ ಸ್ಥಳೀಯ ಸಂಸ್ಥೆಗಳಿಗೆ 40 ವರ್ಷ ಸಹಾಯಧನ ನೀಡುವ ಕಾಯ್ದೆ ತಂದರು. ಅವರು ಸಚಿವರಾಗಿದ್ದ ಸರ್ಕಾರ ವರ್ಷ ತುಂಬುವ ಮೊದಲೇ ಬಿತ್ತು, ಕಾಯ್ದೆ ಉಳಿಯಿತು. 1930ರಲ್ಲಿ ವೀಟ್ಲಿ ತೀರಿಕೊಂಡರು. ಅವರ ಕಾಯ್ದೆಯಡಿ ಎದ್ದ ಮನೆಗಳು ಸುಮಾರು ಐದು ಲಕ್ಷ.