ಅಗ್ಗದ ವಿಮೆ ಯಾರಿಗೆ ಅಗ್ಗ?

(ಹೋಟೆಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ನಡುವಣ ಬಿಡುವನ್ನು ನೀವು ಈ ಸಭೆಗೆ ಕೊಟ್ಟಿದ್ದೀರಿ. ಆದುದರಿಂದ ಪೀಠಿಕೆ ಬೇಡ. ಇದೇ ಬಿಡುವಿನ ಹೊತ್ತು ನೋಡಿಕೊಂಡು ಆರೋಗ್ಯ ವಿಮೆಯ ಏಜಂಟರೂ ನಮ್ಮ ಹೋಟೆಲುಗಳ ಹಿಂಬಾಗಿಲಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಎರಡು ಕಾಗದ: ಒಂದರಲ್ಲಿ ಪ್ರೀಮಿಯಂ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನಮ್ಮವರು ಕೇಳುವುದು ಒಂದೇ ಪ್ರಶ್ನೆ, ಯಾವುದು ಅಗ್ಗ?

ಅಗ್ಗದ ಕಾಗದದಲ್ಲಿ ಡಿಡಕ್ಟಿಬಲ್ ಎಂಬ ಒಂದು ಶಬ್ದವಿರುತ್ತದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಅಷ್ಟು ಹಣ ಮೊದಲು ನಮ್ಮದು, ಅದನ್ನು ದಾಟಿದ್ದು ಮಾತ್ರ ಕಂಪೆನಿಯದು ಎಂದು ಅದರ ಅರ್ಥ. ನಮ್ಮಲ್ಲಿ ದೋಸೆ ಹುಯ್ಯುವವರೊಬ್ಬರು ಎರಡು ಲಕ್ಷ ಡಿಡಕ್ಟಿಬಲ್ ಇರುವ ವಿಮೆ ತೆಗೆದುಕೊಂಡರು. ಹತ್ತು ಲಕ್ಷದ ವಿಮೆ ಇಷ್ಟು ಕಡಿಮೆಗೆ ಸಿಕ್ಕಿತಲ್ಲ ಎಂಬ ಸಂತೋಷ ಅವರಿಗೆ. ಅಪೆಂಡಿಕ್ಸ್ ಆಪರೇಶನ್ ಆಯಿತು. ಖಾಸಗಿ ಆಸ್ಪತ್ರೆಯ ಬಿಲ್ಲು 70,000 ರೂಪಾಯಿ. ಕಂಪೆನಿ ಒಂದು ಪೈಸೆ ಕೊಡಲಿಲ್ಲ. ಮೋಸವಾಯಿತೆಂದು ಸಂಘಕ್ಕೆ ಬಂದರು. ಕಾಗದ ಬಿಡಿಸಿ ನೋಡಿದೆವು, ಬರೆದಂತೆಯೇ ನಡೆದಿತ್ತು. ನಮಗೆ ಸಂಕಟವಾದದ್ದು ಬೇರೆ. ಅವರ ಪಗಾರ 19,000. ತಿಂಗಳು ತಿಂಗಳೂ ಇ.ಎಸ್.ಐ.ಗೆ ಹಣ ಹೋಗುತ್ತಿತ್ತು. ಕಾರ್ಡು ಮಾತ್ರ ಟ್ರಂಕಿನ ತಳದಲ್ಲಿತ್ತು.

2017ರಲ್ಲಿ ಇ.ಎಸ್.ಐ. ಪಗಾರದ ಮಿತಿಯನ್ನು 21,000ಕ್ಕೆ ಏರಿಸಿದರು. 2019ರ ಜುಲೈಯಲ್ಲಿ ನಮ್ಮ ಪಾಲನ್ನು ನೂರಕ್ಕೆ ಮುಕ್ಕಾಲು ರೂಪಾಯಿಗೂ ಮಾಲಿಕರ ಪಾಲನ್ನು ಮೂರೂಕಾಲಿಗೂ ಇಳಿಸಿದರು. 19,000ಕ್ಕೆ ನಮ್ಮ ಪಾಲು 143 ರೂಪಾಯಿ. ಹೆಂಡತಿ ಮಕ್ಕಳಿಗೂ ನಮ್ಮನ್ನೇ ನೆಚ್ಚಿದ ತಂದೆತಾಯಿಗೂ ಅದರಲ್ಲಿ ಚಿಕಿತ್ಸೆಯುಂಟು, ಡಿಡಕ್ಟಿಬಲ್ ಇಲ್ಲ. ಅಲ್ಲಿ ಕ್ಯೂ ಉದ್ದ, ನಿಜ. ಅದಕ್ಕಾಗಿ ಜಗಳಾಡೋಣ, ಕಾರ್ಡು ಬಿಸಾಡುವುದು ಬೇಡ.

ಮಿತಿ ದಾಟಿದವರ ಲೆಕ್ಕ ಬೇರೆ. ಉದಾಹರಣೆಗೆ, ಡಿಡಕ್ಟಿಬಲ್ ಇಲ್ಲದ ವಿಮೆಗೆ ವರ್ಷಕ್ಕೆ 9,000, ಡಿಡಕ್ಟಿಬಲ್ 50,000 ಇರುವುದಕ್ಕೆ 4,000 ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 5,000 ಉಳಿಯಿತು. ಹತ್ತು ವರ್ಷ ಮಲಗದಿದ್ದರೆ 50,000 ಗಂಟು, ಅದೂ ಆ ಹಣವನ್ನು ಬೇರೆಯಾಗಿ ಇಟ್ಟಿದ್ದರೆ! ಊರಿನ ಮನೆಗೆ ಹಂಚು ಹೊದಿಸಲು ಹೋಗಿರದಿದ್ದರೆ! ಎರಡನೆಯ ವರ್ಷವೇ ಮಲಗಿದರೋ? ಕೈಯಲ್ಲಿ 10,000. ಉಳಿದ 40,000 ಎಲ್ಲಿಂದ? ಧಣಿಗಳ ಗಲ್ಲೆಯಿಂದ, ಮುಂಗಡವಾಗಿ. ಮುಂಗಡ ತೆಗೆದವನು ಪಗಾರ ಏರಿಸಿ ಎನ್ನಲಾರ, ಬೇರೆ ಹೋಟೆಲಿಗೆ ಹೋಗಲಾರ, ಸಂಘದ ಸಭೆಗೂ ಹೆದರಿ ಬರುತ್ತಾನೆ. ಈ ಬೆಲೆಯನ್ನು ಯಾವ ಏಜಂಟನೂ ಕಾಗದದಲ್ಲಿ ಬರೆಯುವುದಿಲ್ಲ.

ಹಾಗಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಒಂದು ರಾತ್ರಿಯೊಳಗೆ, ಯಾರಿಗೂ ಕೈಯೊಡ್ಡದೆ, ನಾವು ಎಷ್ಟು ಹಣ ಹೊರಡಿಸಬಲ್ಲೆವು? ಡಿಡಕ್ಟಿಬಲ್ ಅದರೊಳಗೇ ಇರಲಿ.

ದೊಡ್ಡ ಡಿಡಕ್ಟಿಬಲ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಮಾಲಿಕರೇ ಎಲ್ಲರಿಗೂ ಸೇರಿಸಿ ಮೂರು ಲಕ್ಷದ ವಿಮೆ ಮಾಡಿಸಿದ್ದರೆ, ಮೂರು ಲಕ್ಷ ಡಿಡಕ್ಟಿಬಲ್ ಇರುವ ಅಗ್ಗದ ಪಾಲಿಸಿ ಅದರ ಮೇಲೆ ಸರಿಯಾಗಿ ಕೂರುತ್ತದೆ. ಕೆಲಸ ಬಿಟ್ಟರೆ ಕೆಳಗಿನದು ಹೋಗುತ್ತದೆಂಬುದು ನೆನಪಿರಲಿ. ಇದರಲ್ಲಿ ಟಾಪ್-ಅಪ್, ಸೂಪರ್ ಟಾಪ್-ಅಪ್ ಎಂದು ಎರಡುಂಟು. ಡಿಡಕ್ಟಿಬಲ್ ಒಂದು ಲಕ್ಷ. ಒಂದೇ ವರ್ಷದಲ್ಲಿ 60,000ದ ಎರಡು ಬಿಲ್ಲು ಬಂತೆನ್ನಿ. ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆಯಾಗಿ ನೋಡುತ್ತದೆ, ಏನೂ ಸಿಗದು. ಸೂಪರ್ ಎರಡನ್ನೂ ಕೂಡಿಸುತ್ತದೆ, 20,000 ಸಿಗುತ್ತದೆ.

ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಬರೆಯಿಸಿ, ಏಜಂಟ ಬೇಡವೆಂದರೂ ಬರೆಯಿಸಿ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು. ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆಂದು ಹಿಂತಿರುಗಿಸಲೂ ಬಹುದು. ನಾವೇ ಮಾಡಿಸುವ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಇಲ್ಲ, ತೆರಿಗೆಯ ಹೆಸರಲ್ಲಿ ಯಾರಾದರೂ ಹೆಚ್ಚು ಕೇಳಿದರೆ ರಸೀದಿ ಕೇಳಿ. ತಂದೆತಾಯಿಯರನ್ನು ಸೇರಿಸುವವರು, ಊರ ಹತ್ತಿರದ ಆಸ್ಪತ್ರೆ ಕಂಪೆನಿಯ ಪಟ್ಟಿಯಲ್ಲಿದೆಯೇ ಎಂದೂ ನೋಡಬೇಕು.

ಮುಂದಿನ ಸಭೆಗೆ ಬರುವಾಗ ಇ.ಎಸ್.ಐ. ಕಾರ್ಡು, ಪಾಲಿಸಿ ಕಾಗದ ಎರಡನ್ನೂ ತನ್ನಿ. ಓದಿ ಕನ್ನಡದಲ್ಲಿ ಹೇಳುತ್ತೇವೆ. ಸಹಿ ಹಾಕುವ ಮೊದಲೇ ತಂದರೆ ಇನ್ನೂ ಒಳ್ಳೆಯದು.